ಸವಾಲಿಲ್ಲದ ಹಾಡು: ಆರ್ಥಿಕ ಸುಧಾರಣೆ, ಪ್ರಭುತ್ವ ಮತ್ತು ಜನಪದ ಪ್ರಕಾರಗಳು

1

ಭಾರತದ ಆರ್ಥಿಕ ಸುಧಾರಣೆಗಳನ್ನು ಕುರಿತ ಚರ್ಚೆ ಬಹುತೇಕ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರಗಳ ಅಂಗಳದಲ್ಲಿಯೇ ನಡೆದುಬಂದಿದೆ. ಜಾನಪದ ಅಧ್ಯಯನಕ್ಕೆ ಈ ಚರ್ಚೆಯಲ್ಲಿ ಮಾಡುವ ಕೆಲಸವಿಲ್ಲ ಎಂಬ ಭಾವನೆ ಎರಡೂ ಕಡೆಯ ವಿದ್ವಾಂಸರಲ್ಲಿ ಬೇರೂರಿದೆ. ಆದರೆ ಈ ಚರ್ಚೆಯೊಳಗೇ ದೊರೆಯುವ ಒಂದು ಅಂಕಿ ಜಾನಪದ ವಿದ್ವಾಂಸರನ್ನು ನೇರವಾಗಿ ತಟ್ಟುವಂತಿದೆ. 1991ರ ಜುಲೈಯಲ್ಲಿ ಹೊಸ ಆರ್ಥಿಕ ನೀತಿ ಜಾರಿಗೆ ಬಂದು ಐದು ವರ್ಷಗಳ ನಂತರ, 1996ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ನಡೆದ ರಾಷ್ಟ್ರೀಯ ಚುನಾವಣಾ ಅಧ್ಯಯನದಲ್ಲಿ, ಸುಧಾರಣೆಗಳ ಬಗ್ಗೆ ಏನಾದರೂ ತಿಳಿದಿದೆ ಎಂದು ಹೇಳಿದ ಮತದಾರರು ನೂರಕ್ಕೆ ಸುಮಾರು 19 ಮಂದಿ ಮಾತ್ರ. ನಗರಗಳಲ್ಲಿ ಈ ಪ್ರಮಾಣ ಸುಮಾರು 32 ಇದ್ದರೆ ಹಳ್ಳಿಗಳಲ್ಲಿ ಸುಮಾರು 14. ರಾಜ್ಯಶಾಸ್ತ್ರಜ್ಞ ಆಶುತೋಷ್ ವಾರ್ಷ್ಣೇಯ್ ಈ ಅಂಕಿಗಳನ್ನು ಆಧರಿಸಿ, ಭಾರತದ ಸುಧಾರಣೆಗಳು ಗಣ್ಯರ ರಾಜಕಾರಣದ ವಲಯದಲ್ಲಿ ಉಳಿದವೇ ಹೊರತು ಜನಸಮುದಾಯದ ರಾಜಕಾರಣಕ್ಕೆ ಇಳಿಯಲಿಲ್ಲ ಎಂದು ವಾದಿಸಿದರು. ರಾಬ್ ಜೆಂಕಿನ್ಸ್ 1999ರ ತಮ್ಮ ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಜಾಪ್ರಭುತ್ವದ ಒಳಗೆ ಸುಧಾರಣೆ ಸಾಧ್ಯವಾದದ್ದು ಮರೆಯಲ್ಲಿ ನಡೆದ ಕಾರ್ಯತಂತ್ರದಿಂದ ಎಂದು ತೋರಿಸಿದರು.

ಈ ಅಂಕಿಯನ್ನು ಇನ್ನೊಂದು ಸಂಗತಿಯ ಪಕ್ಕದಲ್ಲಿಟ್ಟು ನೋಡಬೇಕಾಗಿದೆ. ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 1954ರಷ್ಟು ಹಿಂದೆಯೇ ಗೀತ ಮತ್ತು ನಾಟಕ ವಿಭಾಗವನ್ನು ಸ್ಥಾಪಿಸಿತ್ತು. ಪಂಚವಾರ್ಷಿಕ ಯೋಜನೆಗಳ ಆಶಯವನ್ನು ಜನರ ಭಾಷೆ ಮತ್ತು ಕಲೆಗಳ ಮೂಲಕ ಹಳ್ಳಿಗಳಿಗೆ ತಲುಪಿಸುವುದು ಅದರ ಉದ್ದೇಶವಾಗಿತ್ತು. 2017ರಲ್ಲಿ ಅದು ಇತರ ಪ್ರಚಾರ ವಿಭಾಗಗಳೊಂದಿಗೆ ವಿಲೀನವಾಗುವವರೆಗೆ ದೇಶದ ಅಸಂಖ್ಯ ಜನಪದ ಮೇಳಗಳು ಅದರ ಆಶ್ರಯದಲ್ಲಿ ಹಾಡಿದವು, ಕುಣಿದವು. ರಾಜ್ಯಗಳ ವಾರ್ತಾ ಇಲಾಖೆಗಳೂ ಇದೇ ದಾರಿ ಹಿಡಿದವು. ಹೀಗೆ ಹಳ್ಳಿಯ ಕಿವಿಯನ್ನು ತಲುಪುವ ಬಲ್ಲಿದ ಸಾಧನವೊಂದು ನಾಲ್ಕು ದಶಕಗಳಿಂದ ಪ್ರಭುತ್ವದ ಕೈಯಲ್ಲಿದ್ದರೂ, ಸ್ವಾತಂತ್ರ್ಯಾನಂತರದ ಅತಿ ದೊಡ್ಡ ನೀತಿಪಲ್ಲಟವು ಹಳ್ಳಿಯ ನೂರು ಮಂದಿಯಲ್ಲಿ ಎಂಬತ್ತಾರು ಮಂದಿಗೆ ತಿಳಿಯದೆ ಉಳಿದದ್ದು ಏಕೆ?

ಹಾಡು ತಲುಪಲಿಲ್ಲ ಎಂಬುದು ಇದಕ್ಕೆ ಉತ್ತರವಲ್ಲ. ಹಾಡಿನಲ್ಲಿ ಏನಿತ್ತು, ಏನಿರಲಿಲ್ಲ ಎಂಬುದರಲ್ಲಿ ಉತ್ತರವಿದೆ. ಪ್ರಜೆ ಏನು ಮಾಡಬೇಕು ಎಂಬುದನ್ನು ಪ್ರಭುತ್ವ ಹಾಡಿಸಿತು. ತಾನು ಏನು ಮಾಡುತ್ತಿದ್ದೇನೆ ಎಂಬುದನ್ನು ಹಾಡಿಸಲಿಲ್ಲ. ಜನಪದ ಪ್ರಕಾರಗಳಿಂದ ಅದು ದನಿಯನ್ನು ಎರವಲು ಪಡೆಯಿತು, ಎದುರುದನಿಯನ್ನು ಬಿಟ್ಟಿತು. ಈ ಬಿಡುವಿಕೆಯ ಸ್ವರೂಪವನ್ನೂ ಆಡಳಿತ ಮತ್ತು ಆರ್ಥಿಕ ನೀತಿಗಳ ಕ್ಷೇತ್ರದಲ್ಲಿ ಅದರ ಪರಿಣಾಮವನ್ನೂ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

2

ಎದುರುದನಿ ಎಂಬುದನ್ನು ಮೊದಲು ಒಂದು ಪ್ರಕಾರದ ಒಳಗಿನಿಂದಲೇ ಸ್ಪಷ್ಟಪಡಿಸಿಕೊಳ್ಳಬಹುದು. ಉತ್ತರ ಕರ್ನಾಟಕದ ಲಾವಣಿ ಮತ್ತು ಗೀಗೀ ಪದಗಳ ಪರಂಪರೆಯಲ್ಲಿ ಹರದೇಶಿ ಮತ್ತು ನಾಗೇಶಿ ಎಂಬ ಎರಡು ಪಂಥಗಳಿವೆ. ಹರದೇಶಿ ಶಿವತತ್ವವನ್ನು, ಗಂಡಿನ ಹಿರಿಮೆಯನ್ನು ಎತ್ತಿ ಹಿಡಿದರೆ ನಾಗೇಶಿ ಶಕ್ತಿತತ್ವವನ್ನು, ಹೆಣ್ಣಿನ ಹಿರಿಮೆಯನ್ನು ಎತ್ತಿ ಹಿಡಿಯುತ್ತದೆ. ಡಪ್ಪು, ತುಂತುಣಿ, ತಾಳಗಳೊಂದಿಗೆ ಎರಡು ಮೇಳಗಳು ಎದುರುಬದುರಾಗಿ ನಿಂತು ಇರುಳಿಡೀ ಹಾಡುತ್ತವೆ. ಒಂದು ಮೇಳ ಸವಾಲು ಹಾಕುತ್ತದೆ. ಇನ್ನೊಂದು ಜವಾಬು ಕೊಟ್ಟು ಮರುಸವಾಲು ಎಸೆಯುತ್ತದೆ. ಜವಾಬು ತೋಚದೆ ತಡವರಿಸಿದ ಮೇಳವನ್ನು ಸುತ್ತ ಕುಳಿತ ಜನರೇ ಗುರುತಿಸುತ್ತಾರೆ.

ಈ ವಾದಸಂಪ್ರದಾಯದ ಮಹತ್ವ ಅದರ ವಸ್ತುವಿಗಿಂತ ರಚನೆಯಲ್ಲಿದೆ. ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂಬ ವಾದ ಎಂದೂ ತೀರ್ಮಾನವಾಗುವುದಿಲ್ಲ. ಆಗಬೇಕಾದ ಅಗತ್ಯವೂ ಇಲ್ಲ. ಒಂದು ಮಾತು ಬಹಿರಂಗವಾಗಿ ಹೇಳಲ್ಪಟ್ಟಾಗ ಅದಕ್ಕೆ ಎದುರಾಡುವವನೂ ಅದೇ ಅಂಗಳದಲ್ಲಿ, ಅದೇ ಇರುಳಲ್ಲಿ, ಅದೇ ಜನರ ಮುಂದೆ ಇರಬೇಕೆಂಬುದು ಇಲ್ಲಿನ ನಿಯಮ. ಒಂದೇ ಮೇಳ ಹಾಡಿ ಎದ್ದುಹೋದರೆ ಅದು ಹರದೇಶಿ-ನಾಗೇಶಿಯಾಗಲಾರದು.

ಇನ್ನು ವಸ್ತುವಿನ ದೃಷ್ಟಿಯಿಂದ ನೋಡಿದರೂ ಲಾವಣಿ ಪ್ರಭುತ್ವದ ನೀತಿಗಳನ್ನು ತನಗೆ ಹೊರಗಿನವೆಂದು ಭಾವಿಸಿರಲಿಲ್ಲ. ಶಾಸನತಜ್ಞ ಜೆ. ಎಫ್. ಫ್ಲೀಟ್ 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಕಥನವಿದೆ, 1857ರ ಹಲಗಲಿ ಬೇಡರ ಕಥನವಿದೆ, ಸರಕಾರ ಹೇರಿದ ಆದಾಯ ತೆರಿಗೆಯನ್ನು ಕುರಿತ ಲಾವಣಿಯೂ ಇದೆ. ಹಲಗಲಿಯ ಬಂಡಾಯದ ಬೇರು ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆಯಲ್ಲಿತ್ತು. ಅಂದರೆ ನಿಶ್ಶಸ್ತ್ರೀಕರಣ ಮತ್ತು ತೆರಿಗೆಗಳಂಥ ಶುದ್ಧ ಆಡಳಿತಾತ್ಮಕ ಸಂಗತಿಗಳನ್ನು ಲಾವಣಿಕಾರರು ಹಾಡಿಗೆ ತಕ್ಕ ವಸ್ತುಗಳೆಂದೇ ಬಗೆದಿದ್ದರು. ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಹುಲಕುಂದದ ಭೀಮಕವಿಯಂಥವರು ಗೀಗೀ ಪದಗಳನ್ನು ಪರಕೀಯ ಆಡಳಿತದ ಎದುರು ನಿಲ್ಲಿಸಿದಾಗ ಅವರು ಹೊಸದೇನನ್ನೋ ಹುಟ್ಟುಹಾಕುತ್ತಿರಲಿಲ್ಲ; ಪ್ರಕಾರದ ಒಳಗೇ ಇದ್ದ ಎದುರಾಡುವ ಗುಣವನ್ನು ರಾಷ್ಟ್ರದ ಅಳತೆಗೆ ಹಿಗ್ಗಿಸಿದರು.

3

ಸ್ವಾತಂತ್ರ್ಯಾನಂತರದ ಪ್ರಭುತ್ವ ಈ ಪರಂಪರೆಗೆ ವಾರಸುದಾರನಾಗಿ ಬಂದಿತು. ವಸಾಹತು ಆಡಳಿತ ಯಾವ ಹಾಡುಗಾರನನ್ನು ಸಂಶಯದಿಂದ ಕಂಡಿತ್ತೋ ಅವನನ್ನೇ ಹೊಸ ಪ್ರಭುತ್ವ ಗೌರವಿಸಿ ವೇದಿಕೆಗೆ ಕರೆಯಿತು. ಕಲಾವಿದನಿಗೆ ಸಂಭಾವನೆ ದೊರೆಯಿತು, ಮಾನ್ಯತೆ ದೊರೆಯಿತು. ಊರ ಗೌಡರ ಆಶ್ರಯ ಕುಸಿಯುತ್ತಿದ್ದ ಕಾಲದಲ್ಲಿ ಇದು ಅನೇಕ ಮೇಳಗಳನ್ನು ಉಳಿಸಿತು ಎಂಬುದನ್ನು ಅಲ್ಲಗಳೆಯಲಾಗದು. ಆದ್ದರಿಂದ ಇಲ್ಲಿ ಆಕ್ಷೇಪ ಕಲಾವಿದರ ಮೇಲಲ್ಲ; ಹೊಟ್ಟೆಪಾಡಿಗಾಗಿ ಹಾಡಿದವರನ್ನು ಪ್ರಭುತ್ವದ ಭಟ್ಟಂಗಿಗಳೆಂದು ಕರೆಯುವುದು ವಿಮರ್ಶೆಯಲ್ಲ.

ಪರಿಶೀಲಿಸಬೇಕಾದದ್ದು ಈ ವರ್ಗಾವಣೆಯಲ್ಲಿ ಪ್ರಕಾರಕ್ಕೆ ಒದಗಿದ ರೂಪಾಂತರವನ್ನು. ಕುಟುಂಬ ಯೋಜನೆ, ಸಣ್ಣ ಉಳಿತಾಯ, ಲಸಿಕೆ, ಶೌಚಾಲಯ, ಸಾಕ್ಷರತೆ, ಏಡ್ಸ್ ಜಾಗೃತಿ, ಬೆಳೆವಿಮೆ ಹೀಗೆ ವಿಷಯಗಳು ದಶಕದಿಂದ ದಶಕಕ್ಕೆ ಬದಲಾದವು. ಸಾಹಿತ್ಯ ಇಲಾಖೆಯಲ್ಲಿ ಸಿದ್ಧವಾಯಿತು ಅಥವಾ ಇಲಾಖೆಯ ಒಪ್ಪಿಗೆ ಪಡೆಯಿತು. ಇರುಳಿಡೀ ನಡೆಯುತ್ತಿದ್ದುದು ಗಂಟೆಯ ಲೆಕ್ಕಕ್ಕೆ ಇಳಿಯಿತು. ಪ್ರದರ್ಶನ ನಡೆಯಿತೆಂಬುದಕ್ಕೆ ಸ್ಥಳೀಯ ಅಧಿಕಾರಿಯ ದೃಢೀಕರಣ ಪತ್ರ ಬೇಕಾಯಿತು. ಹರದೇಶಿ ನಿಲ್ಲುತ್ತಿದ್ದ ಜಾಗದಲ್ಲಿ ಇಲಾಖೆ ನಿಂತಿತು. ನಾಗೇಶಿ ನಿಲ್ಲಬೇಕಾಗಿದ್ದ ಜಾಗ ತೆರವಾಗಿಯೇ ಉಳಿಯಿತು. ಕೆಲವು ಪ್ರದರ್ಶನಗಳಲ್ಲಿ ಪ್ರಶ್ನೆ ಕೇಳುವ ಪಾತ್ರವೊಂದು ಉಳಿದುಕೊಂಡಿತು, ನಿಜ. ಆದರೆ ಆ ಪಾತ್ರ ಅರಿಯದವನ ಪಾತ್ರ, ತಿದ್ದಿಸಿಕೊಳ್ಳುವವನ ಪಾತ್ರ. ಲಸಿಕೆಗೆ ಹೆದರುವ ಮುದುಕಿ, ಮಕ್ಕಳು ಹೆಚ್ಚಾದ ಬಡವ, ಸಾಲ ಮಾಡಿ ಕುಡಿಯುವ ಕೂಲಿಯವ ಇವರು ಕೇಳುವ ಪ್ರಶ್ನೆಗಳಿಗೆ ಉತ್ತರ ಮೊದಲೇ ಬರೆದಿರುತ್ತದೆ. ಆಸ್ಪತ್ರೆಯಲ್ಲಿ ದಾದಿ ಏಕಿಲ್ಲ ಎಂದು ಆ ಮುದುಕಿ ಕೇಳುವುದಿಲ್ಲ.

ಜಾನಪದ ಅಧ್ಯಯನವೂ ಈ ರೂಪಾಂತರದಲ್ಲಿ ಪಾಲುದಾರನಾಗಿದೆ ಎಂಬುದನ್ನು ಒಪ್ಪಬೇಕಾಗುತ್ತದೆ. ಅನ್ವಯಿಕ ಜಾನಪದ ಎಂಬ ಹೆಸರಿನಲ್ಲಿ ಬೆಳೆದ ಬರವಣಿಗೆಯ ದೊಡ್ಡ ಭಾಗವು ಜನಪದ ಕಲೆಯನ್ನು ಪರಿಣಾಮಕಾರಿ ಮಾಧ್ಯಮ, ಸಂದೇಶವಾಹಕ ಎಂದು ವರ್ಣಿಸುವುದರಲ್ಲಿ ತೃಪ್ತವಾಯಿತು. ಎಷ್ಟು ಹಳ್ಳಿ, ಎಷ್ಟು ಪ್ರೇಕ್ಷಕರು, ಎಷ್ಟರಮಟ್ಟಿಗೆ ಸಂದೇಶ ಮನಸ್ಸಿನಲ್ಲಿ ಉಳಿಯಿತು ಎಂಬುದು ಅದರ ಅಳತೆಗೋಲು. ಜನ ಮರಳಿ ಏನು ಕೇಳಿದರು ಎಂಬುದನ್ನು ದಾಖಲಿಸುವ ಕಲಂ ಆ ಪ್ರಶ್ನಾವಳಿಗಳಲ್ಲಿ ಇರಲಿಲ್ಲ. ವಾಹಕ ಎಂಬ ರೂಪಕವೇ ಇಲ್ಲಿ ದಾರಿ ತಪ್ಪಿಸುವಂಥದು. ಗಾಡಿ ಸರಕನ್ನು ಸಾಗಿಸುತ್ತದೆ, ಸರಕಿನೊಂದಿಗೆ ವಾದಿಸುವುದಿಲ್ಲ.

4

ಈ ಮಾತು ಕಲೆಗೆ ಮಾತ್ರ ಸಂಬಂಧಿಸಿದ್ದಾಗಿದ್ದರೆ ಅದಕ್ಕೆ ಇಷ್ಟು ಮಹತ್ವ ಬರುತ್ತಿರಲಿಲ್ಲ. ಆದರೆ ಎದುರುದನಿಗೆ ಅಂಗಳವೊದಗಿಸಿದ ಸುಧಾರಣೆಗೂ ಒದಗಿಸದ ಸುಧಾರಣೆಗೂ ಇರುವ ಅಂತರವನ್ನು ಕರ್ನಾಟಕದ ಭೂಸುಧಾರಣೆಯ ಚರಿತ್ರೆಯಲ್ಲಿಯೇ ಕಾಣಬಹುದು. 1951ರ ಕಾಗೋಡು ಸತ್ಯಾಗ್ರಹದ ಮೂಲದಲ್ಲಿದ್ದುದು ಗೇಣಿ ಅಳೆಯುವ ಕೊಳಗದ ಪ್ರಶ್ನೆ. ಧಣಿಯ ಕೊಳಗ ಯಾವ ಅಳತೆಯದು ಎಂಬ ಪ್ರಶ್ನೆಯನ್ನು ಸಾಗರ ಸೀಮೆಯ ಗೇಣಿದಾರರು ಬಹಿರಂಗವಾಗಿ ಎತ್ತಿದರು. ಅದು ನೆಲದ ಒಡೆತನದ ಪ್ರಶ್ನೆಯಾಗಿ ಬೆಳೆದು ಎರಡು ದಶಕಗಳ ನಂತರ ಕಾನೂನಿನ ರೂಪ ತಾಳಿತು. ಡಿ. ದೇವರಾಜ ಅರಸು ಅವರ ಸರಕಾರ ತಂದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಿತು.

ಆ ಕಾಯ್ದೆಯ ಕಾರ್ಯವಿಧಾನ ಜಾನಪದ ವಿದ್ವಾಂಸನ ಗಮನಕ್ಕೆ ಅರ್ಹವಾದುದು. ಗೇಣಿದಾರ ಫಾರಂ 7 ತುಂಬಿ ಅರ್ಜಿ ಹಾಕಬೇಕು. ತಾಲ್ಲೂಕಿನ ಭೂನ್ಯಾಯ ಮಂಡಳಿ ಅದನ್ನು ವಿಚಾರಿಸಬೇಕು. ಉಪವಿಭಾಗಾಧಿಕಾರಿಯ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರು ಮಂಡಳಿಯಲ್ಲಿದ್ದರು. ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಗೇಣಿಚೀಟಿಯಂಥ ಕಾಗದವಿಲ್ಲದ ಗೇಣಿದಾರನೂ ಧಣಿಯ ಎದುರಿಗೆ ನಿಂತು, ಈ ಗದ್ದೆ ಉತ್ತವನು ತಾನೆಂದು ಬಾಯಿಮಾತಿನಲ್ಲಿ ಹೇಳಬಹುದಾಗಿತ್ತು. ನೆರೆಯ ಹೊಲದವನು ಸಾಕ್ಷಿ ನುಡಿಯಬಹುದಾಗಿತ್ತು. ತಲೆಮಾರುಗಳಿಂದ ಧಣಿಯ ಮುಂದೆ ಬಾಯಿ ತೆರೆಯದವನಿಗೆ ಕಾನೂನು ಸವಾಲು ಹಾಕುವ ಜಾಗವೊಂದನ್ನು ಕಲ್ಪಿಸಿಕೊಟ್ಟಿತು. ಈ ಸುಧಾರಣೆಯ ಮಿತಿಗಳು ಕಡಿಮೆಯಲ್ಲ. ಕರಾವಳಿ ಮತ್ತು ಮಲೆನಾಡಿನಲ್ಲಿ ಕಂಡ ಫಲ ಎಲ್ಲೆಡೆ ಕಾಣಲಿಲ್ಲ. ಗೇಣಿಯೂ ಇಲ್ಲದ ಕೂಲಿಕಾರನಿಗೆ ಅದು ಹೆಚ್ಚೇನನ್ನೂ ಕೊಡಲಿಲ್ಲ. ಆದರೂ ಉಳುವವನೇ ಹೊಲದೊಡೆಯ ಎಂಬ ಮಾತು ಜನರ ನುಡಿಗಟ್ಟಾಗಿ ಉಳಿಯಿತು. ಸುಧಾರಣೆ ಜನರ ಬಾಯಲ್ಲಿ ನಿಂತದ್ದು ಅವರು ಅದರಲ್ಲಿ ಮಾತಾಡಿದ್ದರಿಂದ.

1991ರ ಸುಧಾರಣೆಯ ಸಂದರ್ಭ ಬೇರೆ. ವಿದೇಶಿ ವಿನಿಮಯದ ಸಂಗ್ರಹ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದಿತ್ತು. ಜುಲೈ ಮೊದಲ ವಾರದಲ್ಲಿ ರೂಪಾಯಿಯ ಬೆಲೆಯನ್ನು ಎರಡು ಬಾರಿ ಇಳಿಸಲಾಯಿತು; ಸುಮಾರು 47 ಟನ್ ಚಿನ್ನವನ್ನು ಹೊರದೇಶದ ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ತರಲಾಯಿತು. ಜುಲೈ 24ರಂದು ಹೊಸ ಕೈಗಾರಿಕಾ ನೀತಿ ಮತ್ತು ಮನಮೋಹನ ಸಿಂಗ್ ಅವರ ಮೊದಲ ಮುಂಗಡಪತ್ರ ಎರಡೂ ಒಂದೇ ದಿನ ಸಂಸತ್ತಿನ ಮುಂದೆ ಬಂದವು. ಹದಿನೆಂಟು ಉದ್ಯಮಗಳನ್ನು ಬಿಟ್ಟು ಉಳಿದೆಲ್ಲವುಗಳಿಗೆ ಪರವಾನಗಿಯ ಅಗತ್ಯ ರದ್ದಾಯಿತು. ಬಹುಮತವಿಲ್ಲದ ಸರಕಾರ ಇಷ್ಟನ್ನು ಸಾಧಿಸಿದ್ದು ಆಡಳಿತ ಚತುರತೆಯ ದೃಷ್ಟಿಯಿಂದ ಅಸಾಧಾರಣವೇ. ನಂತರದ ದಶಕಗಳಲ್ಲಿ ಆರ್ಥಿಕ ಬೆಳವಣಿಗೆ ವೇಗ ಪಡೆದುದನ್ನೂ ಬಡತನದ ಪ್ರಮಾಣ ಇಳಿದುದನ್ನೂ ಯಾರೂ ನಿರಾಕರಿಸಬೇಕಾಗಿಲ್ಲ. ಆದರೆ ಮನೆಯ ಚಿನ್ನ ಅಡವಿಗೆ ಹೋದ ಸುದ್ದಿ ಹಳ್ಳಿಯ ಯಾವ ಹೆಣ್ಣುಮಗಳಿಗೂ ಅರ್ಥವಾಗಬಲ್ಲ ಸುದ್ದಿ. ಅಡವಿಡಬೇಕಾಗಿ ಬಂದದ್ದೇಕೆ, ಬಿಡಿಸಿಕೊಳ್ಳುವ ದಾರಿ ಯಾವುದು, ಅದಕ್ಕಾಗಿ ಯಾರ ಹೊಟ್ಟೆ ಕಟ್ಟಬೇಕು ಎಂಬ ಮಾತನ್ನು ಅವಳ ಮುಂದಿಡುವುದು ಅಸಾಧ್ಯವೇನೂ ಆಗಿರಲಿಲ್ಲ. ಹಾಗೆ ಮುಂದಿಟ್ಟರೆ ಎದುರುಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ನಿಲ್ಲುವ ವ್ಯವಧಾನವನ್ನು ಸುಧಾರಣೆಯ ರಾಜಕಾರಣ ತೋರಲಿಲ್ಲ. ಡಂಕೆಲ್ ಕರಡನ್ನು ಕುರಿತು ಕರ್ನಾಟಕದ ಹಳ್ಳಿಗಳಲ್ಲಿ ಮಾತು ಹಬ್ಬಿದ್ದು ಸರಕಾರದ ಪ್ರಚಾರದಿಂದಲ್ಲ. ರೈತ ಸಂಘವು 1992-93ರಲ್ಲಿ ಬೀಜದ ಹಕ್ಕಿನ ಪ್ರಶ್ನೆಯನ್ನು ಎತ್ತಿ ಬೆಂಗಳೂರಿನವರೆಗೆ ಒಯ್ದಿದ್ದರಿಂದ.

ಮುಂದಿನ ಘಟ್ಟದಲ್ಲಿ ಸುಶಾಸನ ಎಂಬ ಹೊಸ ಪರಿಭಾಷೆ ಬಂದಿತು. ಕರ್ನಾಟಕದ ಭೂಮಿ ಯೋಜನೆ ಅದರ ಪ್ರಾತಿನಿಧಿಕ ಸಾಧನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಹದಿನೈದು ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲಿ ಪಹಣಿ ಕೈಗೆ ಸಿಗುವಂತಾಯಿತು. ಲೆಕ್ಕಿಗನ ಮುಂದೆ ಕೈಕಟ್ಟಿ ನಿಲ್ಲುವ ಅವಮಾನ ತಪ್ಪಿದ್ದು ಸಣ್ಣ ಮಾತಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯ ಲೋಕದೃಷ್ಟಿಗೆ ಇದು ಹತ್ತಿರವಾದುದು: ಪೂಜಾರಿಯನ್ನು ಬದಿಗೆ ಸರಿಸಿದರೆ ವರ ನೇರವಾಗಿ ಭಕ್ತನಿಗೆ ಮುಟ್ಟುತ್ತದೆ. ಆದರೆ ಆ ಗಾದೆಯಲ್ಲಿ ಅಡಗಿರುವ ರಿಯಾಯಿತಿಯೊಂದನ್ನು ಗಮನಿಸಬೇಕು. ಅದು ದೋಷವನ್ನೆಲ್ಲ ಪೂಜಾರಿಯ ತಲೆಗೆ ಕಟ್ಟಿ ದೇವರನ್ನು ಪ್ರಶ್ನೆಯಿಂದ ಪಾರುಮಾಡುತ್ತದೆ. ಮಧ್ಯವರ್ತಿಯನ್ನು ತೆಗೆಯುವುದೇ ಸುಧಾರಣೆ ಎನ್ನುವ ಆಡಳಿತ ಸಂಕಥನವೂ ಇದನ್ನೇ ಮಾಡುತ್ತದೆ. ವರ ಇಷ್ಟೇ ಏಕೆ, ಇವರಿಗೇ ಏಕೆ ಎಂಬ ಪ್ರಶ್ನೆ ಸೇವಾಕೇಂದ್ರದ ಕಿಟಕಿಯಲ್ಲಿ ಕೇಳುವಂಥದಲ್ಲ. ಅಲ್ಲಿ ಪ್ರಜೆ ಗ್ರಾಹಕನಾಗಿ ನಿಲ್ಲುತ್ತಾನೆ. ರಸೀತಿ ಪಡೆಯುತ್ತಾನೆ, ಜವಾಬು ಪಡೆಯುವುದಿಲ್ಲ.

ಇದರ ಕೊನೆಯ ಕೊಂಡಿ 2020ರಲ್ಲಿ ಕಾಣಿಸುತ್ತದೆ. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳುವುದಕ್ಕಿದ್ದ ನಿರ್ಬಂಧಗಳನ್ನು ತೆಗೆದ ಕರ್ನಾಟಕದ ಭೂಸುಧಾರಣಾ ತಿದ್ದುಪಡಿ ಆ ವರ್ಷದ ಜುಲೈಯಲ್ಲಿ ಮೊದಲು ಬಂದದ್ದು ಸುಗ್ರೀವಾಜ್ಞೆಯ ರೂಪದಲ್ಲಿ. ಕೇಂದ್ರದ ಮೂರು ಕೃಷಿ ಕಾನೂನುಗಳೂ ಜೂನ್‌ನಲ್ಲಿ ಸುಗ್ರೀವಾಜ್ಞೆಗಳಾಗಿ ಹೊರಬಂದು, ಸೆಪ್ಟೆಂಬರ್‌ನಲ್ಲಿ ರಾಜ್ಯಸಭೆಯಲ್ಲಿ ಮತ ಎಣಿಕೆಯಿಲ್ಲದೆ ಧ್ವನಿಮತದಿಂದ ಅಂಗೀಕಾರವಾದವು. ಆ ಕಾನೂನುಗಳ ಗುಣದೋಷ ಇಲ್ಲಿನ ವಿಷಯವಲ್ಲ. ಅವುಗಳ ಪರವಾಗಿ ವಾದಿಸಿದ ಅರ್ಥಶಾಸ್ತ್ರಜ್ಞರೂ ಇದ್ದರು. ಆದರೆ ಶಾಸನಸಭೆಯಲ್ಲಿ ನಡೆಯದ ಸವಾಲು-ಜವಾಬು ದಿಲ್ಲಿಯ ಗಡಿಗಳಾದ ಸಿಂಘು, ಟೀಕ್ರಿ, ಗಾಜಿಪುರಗಳಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಪಂಜಾಬಿನ ಢಾಡಿ ಮತ್ತು ಕವೀಶರಿ ಜತ್ಥಾಗಳು ಅಲ್ಲಿ ಹಾಡಿದವು. 2021ರ ನವೆಂಬರ್‌ನಲ್ಲಿ ಕಾನೂನುಗಳು ರದ್ದಾದವು. ಎದುರುದನಿಗೆ ಅಂಗಳದಲ್ಲಿ ಎಡೆಯಿಲ್ಲವಾದಾಗ ಅದು ಹೆದ್ದಾರಿಗೆ ಬಂದು ಕೂಡುತ್ತದೆ.

5

ಹಾಗಾದರೆ ಪ್ರಭುತ್ವ ಮುಟ್ಟಿದ ಜನಪದ ಪ್ರಕಾರಕ್ಕೆ ಎದುರುದನಿ ಮರಳಿ ಬರುವುದೇ ಇಲ್ಲವೆ? ಎರಡು ನಿದರ್ಶನಗಳು ಈ ನಿರಾಶೆಯನ್ನು ತಡೆಯುತ್ತವೆ.

ಮೊದಲನೆಯದು ಆಂಧ್ರಪ್ರದೇಶದ ನೆಲ್ಲೂರು ಜಿಲ್ಲೆಯ ದೂಬಗುಂಟ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಆಂದೋಲನ, 1990ರ ಭಾರತ ಜ್ಞಾನ ವಿಜ್ಞಾನ ಜಾಥಾ ಇವು ಹಾಡು ಮತ್ತು ಬೀದಿನಾಟಕಗಳ ಮೂಲಕ ಅಕ್ಷರವನ್ನು ಹಳ್ಳಿಗೆ ಒಯ್ದವು. ನೆಲ್ಲೂರಿನ ನವಸಾಕ್ಷರರ ಪಠ್ಯಗಳಲ್ಲಿ ಕುಡಿತದಿಂದ ಹಾಳಾದ ಬಾಳಿನ ಕಥೆಗಳು ಸೇರಿದ್ದವು. ಸಂದೇಶವಾಹಕ ಸಿದ್ಧಾಂತದ ಪ್ರಕಾರ ಆ ಕಥೆಯ ಗುರಿ ಕುಡುಕ ಗಂಡ. ಅವನು ತಿದ್ದಿಕೊಂಡರೆ ಸಂದೇಶ ಸಫಲ. ಆದರೆ 1992ರಲ್ಲಿ ದೂಬಗುಂಟದ ಹೆಂಗಸರು ಕಥೆಯನ್ನು ಬೇರೆ ದಿಕ್ಕಿಗೆ ತಿರುಗಿಸಿದರು. ಗಂಡನಿಗೆ ಸಾರಾಯಿ ತಂದುಕೊಡುವವರು ಯಾರು, ಅಂಗಡಿಗೆ ಪರವಾನಗಿ ಕೊಟ್ಟವರು ಯಾರು, ಹರಾಜಿನ ಹಣ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಗಳು ಎದ್ದವು. ಅಂಗಡಿ ಮುಚ್ಚಿತು, ಚಳವಳಿ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿ ಸಾರಾಯಿ ಹರಾಜುಗಳನ್ನೇ ತಡೆಯಿತು. 1993ರ ಅಕ್ಟೋಬರ್‌ನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಸಂಪೂರ್ಣ ಪಾನನಿಷೇಧ ಬಂದು, ಬೊಕ್ಕಸದ ಕೊರತೆಯ ಒತ್ತಡದಲ್ಲಿ 1997ರಲ್ಲಿ ಹಿಂತೆಗೆಯಲ್ಪಟ್ಟಿತು. ಸರಕಾರವೇ ಅಚ್ಚುಮಾಡಿದ ಪುಟವನ್ನು ಹಿಡಿದು ಸರಕಾರದ ಅಬಕಾರಿ ಆದಾಯವನ್ನು ಪ್ರಶ್ನಿಸಿದ ಈ ಘಟನೆ, ಕೇಳುಗರು ಎಂದೂ ಕೇವಲ ಕೇಳುಗರಾಗಿ ಉಳಿಯರು ಎಂಬುದಕ್ಕೆ ಸಾಕ್ಷಿ. ಮೌಖಿಕ ಪರಂಪರೆಯಲ್ಲಿ ಬೆಳೆದವರು ಕಥೆಯನ್ನು ಕೇಳುವುದೇ ಮುಂದುವರಿಸುವುದಕ್ಕಾಗಿ.

ಎರಡನೆಯದು ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾಣಾದಲ್ಲಿ ಆರಂಭಿಸಿದ ಜನ ಸುನವಾಯಿ. ಬರ ಪರಿಹಾರದ ಕಾಮಗಾರಿಗಳಲ್ಲಿ ಕನಿಷ್ಠ ಕೂಲಿ ದೊರೆಯದ ಕೂಲಿಕಾರರು ಹಾಜರಿ ಪಟ್ಟಿ, ಬಿಲ್ಲು, ಓಚರುಗಳನ್ನು ಪಡೆದು ಬಯಲಿನಲ್ಲಿ ಸೇರಿದ ಜನರ ಮುಂದೆ ಗಟ್ಟಿಯಾಗಿ ಓದಿಸಿದರು. ಹೆಸರು ಕೂಗಿದಾಗ ಆ ಹೆಸರಿನವನು ಎದ್ದು ನಿಂತು, ತಾನು ಆ ಕೆಲಸಕ್ಕೆ ಹೋಗಲೇ ಇಲ್ಲ ಎಂದನು; ಇನ್ನೊಂದು ಹೆಸರಿಗೆ, ಅವನು ಸತ್ತು ಎಷ್ಟೋ ಕಾಲವಾಯಿತು ಎಂದು ಜನ ಉತ್ತರಿಸಿದರು. ಕಟ್ಟಿಯೇ ಇಲ್ಲದ ಕಟ್ಟಡಕ್ಕೆ ಹಣ ಸಂದಿರುವುದು ಬಯಲಾಯಿತು. ಈ ಸಂಘಟನೆಯ ಶಂಕರ್ ಸಿಂಗ್ ಬೊಂಬೆ ಮತ್ತು ಹಾಡುಗಳ ಮೂಲಕ ಅಧಿಕಾರವನ್ನು ಅಣಕಿಸುವುದರಲ್ಲಿ ನಿಪುಣರು; ‘ಘೋಟಾಲಾ ರಥಯಾತ್ರೆ’ ಎಂಬ ಅಣಕು ಮೆರವಣಿಗೆಯಲ್ಲಿ ಅವರೇ ಭ್ರಷ್ಟ ನಾಯಕನ ವೇಷ ತೊಟ್ಟರು. 1996ರ ಏಪ್ರಿಲ್‌ನಲ್ಲಿ ಬ್ಯಾವರ್‌ನಲ್ಲಿ ಆರಂಭವಾದ ಧರಣಿ ನಲವತ್ತು ದಿನ ನಡೆಯಿತು. ರಾಜಸ್ಥಾನ, ಕರ್ನಾಟಕ ಮುಂತಾದ ರಾಜ್ಯಗಳ ಮಾಹಿತಿ ಹಕ್ಕಿನ ಶಾಸನಗಳ ನಂತರ 2005ರ ಅಕ್ಟೋಬರ್ 12ರಂದು ರಾಷ್ಟ್ರೀಯ ಕಾಯ್ದೆ ಜಾರಿಗೆ ಬಂದಿತು. ಅದೇ ವರ್ಷದ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ 17ನೆಯ ಕಲಮು ಗ್ರಾಮಸಭೆಯ ಮೂಲಕ ಸಾಮಾಜಿಕ ಲೆಕ್ಕಪರಿಶೋಧನೆಯನ್ನು ವಿಧಿಸಿತು.

ಜನ ಸುನವಾಯಿಯನ್ನು ಕೇವಲ ಭ್ರಷ್ಟಾಚಾರ ವಿರೋಧಿ ಸಾಧನವೆಂದು ನೋಡಿದರೆ ಅದರ ಅರ್ಧ ಮಾತ್ರ ಕಾಣುತ್ತದೆ. ರಚನೆಯ ದೃಷ್ಟಿಯಿಂದ ಅದು ಸವಾಲು-ಜವಾಬಿನ ಪ್ರಕಾರವೇ ಆಗಿದೆ. ಬರಹದ ಒಳಗೆ ಭದ್ರವಾಗಿದ್ದ ಕಡತವನ್ನು ಅದು ಬಾಯಿಮಾತಿನ ಲೋಕಕ್ಕೆ ಎಳೆದು ತಂದಿತು. ಬರಹಕ್ಕೆ ಎದುರಾಡುವವರಿಲ್ಲ, ಗಟ್ಟಿಯಾಗಿ ಓದಿದ ಬರಹಕ್ಕೆ ಎದುರಾಡುವವರು ಇರುತ್ತಾರೆ. ಎರಡೂ ಪಕ್ಷಗಳು ಒಂದೇ ಅಂಗಳದಲ್ಲಿರಬೇಕು, ಜನರೇ ಸಾಕ್ಷಿಗಳಾಗಬೇಕು ಎಂಬ ಹಳೆಯ ನಿಯಮ ಇಲ್ಲಿ ಆಡಳಿತದ ಕ್ಷೇತ್ರಕ್ಕೆ ಪ್ರವೇಶಿಸಿ ಕಾನೂನಾಯಿತು. ಪ್ರಭುತ್ವ ಜನಪದದಿಂದ ಎರವಲು ಪಡೆಯದೆ ಬಿಟ್ಟ ಭಾಗವನ್ನು ಜನರೇ ಪ್ರಭುತ್ವಕ್ಕೆ ಒಪ್ಪಿಸಿದರೆಂದು ಹೇಳಬಹುದು.

6

ಈ ವಾದಕ್ಕೂ ಮಿತಿಗಳಿವೆ. ಹರದೇಶಿ-ನಾಗೇಶಿಯನ್ನು ಪ್ರಜಾಪ್ರಭುತ್ವದ ಪೂರ್ವರೂಪವೆಂದು ವೈಭವೀಕರಿಸುವುದು ತಪ್ಪಾಗುತ್ತದೆ. ಹೆಣ್ಣಿನ ಪರವಾದ ನಾಗೇಶಿ ಪದಗಳನ್ನು ಬಹುಮಟ್ಟಿಗೆ ರಚಿಸಿದವರು ಗಂಡಸರು. ವಾದ ನಡೆಯುತ್ತಿದ್ದುದು ಪುರಾಣ ಮತ್ತು ತತ್ವಗಳ ಚೌಕಟ್ಟಿನಲ್ಲಿ. ಊರಿನ ಜಾತಿವ್ಯವಸ್ಥೆ ಆ ಅಂಗಳದಲ್ಲಿ ಸುಲಭವಾಗಿ ಸವಾಲಿಗೆ ಒಳಗಾಗುತ್ತಿರಲಿಲ್ಲ. ಅಂಗಳದ ಯಾವ ಅಂಚಿನಲ್ಲಿ ಯಾರು ಕೂರಬೇಕು ಎಂಬುದು ಹಾಡು ಆರಂಭವಾಗುವ ಮೊದಲೇ ತೀರ್ಮಾನವಾಗಿರುತ್ತಿತ್ತು. ಆದ್ದರಿಂದ ಜನಪದದಲ್ಲಿ ಎಲ್ಲವೂ ಇತ್ತು, ಪ್ರಭುತ್ವ ಬಂದು ಕೆಡಿಸಿತು ಎಂಬ ಸರಳ ಕಥನ ಇಲ್ಲಿ ಸಲ್ಲದು. ಭೂನ್ಯಾಯ ಮಂಡಳಿಯಲ್ಲಿ ದಲಿತ ಸದಸ್ಯನಿಗೆ ಕುರ್ಚಿ ಕೊಟ್ಟದ್ದು ಜನಪದವಲ್ಲ, ಕಾನೂನು. ಜನ ಸುನವಾಯಿಯ ಪ್ರಶ್ನೆಗೆ ಬಲ ಬಂದದ್ದೂ ಕಡತ ಪಡೆಯುವ ಹಕ್ಕು ಶಾಸನವಾದಾಗಲೇ. ಎದುರಾಡುವ ರಚನೆಯನ್ನು ಜನಪದ ಕೊಡಬಲ್ಲದು. ಎದುರಾಡಲು ಎಲ್ಲರಿಗೂ ಸಮಾನ ನೆಲೆಯನ್ನು ಸಂವಿಧಾನ ಕೊಡಬೇಕು. ಒಂದನ್ನು ಬಿಟ್ಟರೆ ಇನ್ನೊಂದು ಊನಗೊಳ್ಳುತ್ತದೆ.

ಎದುರುದನಿಯೂ ಒಂದು ಶಾಸ್ತ್ರವಾಗಿ ಒಣಗಬಲ್ಲದು ಎಂಬುದು ಇನ್ನೊಂದು ಎಚ್ಚರಿಕೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ವಾರ್ಷಿಕ ಲೆಕ್ಕವನ್ನು ಜನರ ಮುಂದೆ ಪರಿಶೀಲನೆಗೆ ಇಡುವ ಜಮಾಬಂದಿ ಇದಕ್ಕೆ ಉದಾಹರಣೆ. ಜಮಾಬಂದಿ ಹಳೆಯ ಕಂದಾಯ ಆಡಳಿತದ ಪದ. ಅಂದು ರೈತನು ತನ್ನ ಬಾಕಿಯ ಲೆಕ್ಕ ಹಿಡಿದು ಅಧಿಕಾರಿಯ ಮುಂದೆ ಹೋಗಬೇಕಿತ್ತು. ಇಂದಿನ ಅರ್ಥದಲ್ಲಿ ಅಧಿಕಾರಿಯೇ ತನ್ನ ಲೆಕ್ಕ ಹಿಡಿದು ಜನರ ಮುಂದೆ ಬರಬೇಕು. ಒಂದು ಪದದ ಅರ್ಥ ತಲೆಕೆಳಗಾಗಿ ತಿರುಗಿದ ಈ ಪಲ್ಲಟದಲ್ಲಿ ಪ್ರಜಾಪ್ರಭುತ್ವದ ದೊಡ್ಡ ಆಶ್ವಾಸನೆಯಿದೆ. ಆದರೆ ಲೆಕ್ಕವನ್ನು ಅಂಕಿಗಳ ಪಟ್ಟಿಯಾಗಿ ಓದಿ ಮುಗಿಸಿ ಸಹಿ ಪಡೆದರೆ ಅದು ಪ್ರದರ್ಶನದ ದೃಢೀಕರಣ ಪತ್ರಕ್ಕಿಂತ ಭಿನ್ನವಾಗುವುದಿಲ್ಲ.

7

ಜಾನಪದ ಅಧ್ಯಯನದ ಮುಂದೆ ಈ ಚರ್ಚೆ ಸ್ಪಷ್ಟವಾದ ಕೆಲಸವನ್ನಿಡುತ್ತದೆ. ವಿಶ್ವವಿದ್ಯಾಲಯಗಳ ಮತ್ತು ಅಕಾಡೆಮಿಗಳ ಸಂಗ್ರಹಗಳಲ್ಲಿ ಪ್ರಭುತ್ವದ ಯೋಜನೆಗಳನ್ನು ಕುರಿತ ಹಾಡುಗಳು ಸೇರಿವೆ; ಅವುಗಳಿಗೆ ಜನರು ಕೊಟ್ಟ ಮಾರುತ್ತರಗಳು ಸೇರಿಲ್ಲ. ಗ್ರಾಮಸಭೆಯ ಜಗಳ, ಪಡಿತರ ಅಂಗಡಿಯ ಮುಂದಿನ ಚುಚ್ಚುಮಾತು, ಕಾಮಗಾರಿಯ ಸ್ಥಳದಲ್ಲಿ ಹುಟ್ಟಿದ ಅಡ್ಡಹೆಸರು, ಸಾಮಾಜಿಕ ಲೆಕ್ಕಪರಿಶೋಧನೆಯಲ್ಲಿ ಎದ್ದು ನಿಂತ ಹೆಂಗಸಿನ ಹೇಳಿಕೆ ಇವೆಲ್ಲ ಸಮಕಾಲೀನ ಮೌಖಿಕ ಪಠ್ಯಗಳು. ಲಾವಣಿಯಷ್ಟೇ ಎಚ್ಚರದಿಂದ ಇವನ್ನು ದಾಖಲಿಸಬೇಕಾಗಿದೆ. ಫ್ಲೀಟ್‌ನಂಥ ವಸಾಹತು ಅಧಿಕಾರಿ ತನ್ನದೇ ಸರಕಾರದ ತೆರಿಗೆಯನ್ನು ಕುರಿತ ಲಾವಣಿಯನ್ನು ಸಂಗ್ರಹಿಸಿ ಅಚ್ಚುಮಾಡಿದ್ದನೆಂಬುದನ್ನು ನೆನೆದರೆ, ಸ್ವತಂತ್ರ ದೇಶದ ಸಂಗ್ರಾಹಕರು ಅದಕ್ಕಿಂತ ಸಂಕೋಚಪಡುವುದಕ್ಕೆ ಕಾರಣವಿಲ್ಲ.

ಅನ್ವಯಿಕ ಜಾನಪದದ ಅಳತೆಗೋಲೂ ಬದಲಾಗಬೇಕು. ಸಂದೇಶ ಎಷ್ಟು ದೂರ ತಲುಪಿತು ಎಂಬುದರ ಜೊತೆಗೆ, ಅದು ಎಷ್ಟು ಪ್ರಶ್ನೆಗಳನ್ನು ಹೊತ್ತು ಮರಳಿತು ಎಂಬುದನ್ನೂ ಅಳೆಯುವುದಾದರೆ, ದೂಬಗುಂಟದಲ್ಲಿ ಆದದ್ದು ಅನಿರೀಕ್ಷಿತ ಅಪವಾದವಾಗಿ ಅಲ್ಲದೆ ಕಲೆಯ ಸಹಜ ಫಲವಾಗಿ ಕಾಣುತ್ತದೆ. ಯಾವುದೇ ಇಲಾಖೆ ಮೇಳವೊಂದನ್ನು ಹಳ್ಳಿಗೆ ಕಳಿಸುವಾಗ ಎದುರಿನ ಮೇಳಕ್ಕೂ ಎಡೆ ಕೊಡುವುದು, ಊರಿನವರೇ ಕಟ್ಟಿದ ಸವಾಲಿಗೆ ಅಧಿಕಾರಿಯೇ ಜವಾಬು ಕೊಡುವುದು ಅಸಾಧ್ಯವೇನಲ್ಲ. ಅದು ಪ್ರಚಾರವನ್ನು ದುರ್ಬಲಗೊಳಿಸುತ್ತದೆಂಬ ಅಂಜಿಕೆ ಸಹಜ. ಆದರೆ ನೂರರಲ್ಲಿ ಹದಿನಾಲ್ಕು ಮಂದಿಗೆ ಮಾತ್ರ ಗೊತ್ತಿರುವ ಸುಧಾರಣೆ ಬಲವಾದುದೆಂದು ಹೇಳುವುದು ಕಷ್ಟ.

ಪರಂಪರೆಯ ಅಂಗಳದಲ್ಲಿ ಜವಾಬು ತೋಚದ ಮೇಳಕ್ಕೆ ಅವಮಾನವಿತ್ತು. ಸವಾಲು ಎದುರಿಸಿದ್ದಕ್ಕೆ ಅವಮಾನವಿರಲಿಲ್ಲ. ಸವಾಲನ್ನೇ ಅವಮಾನವೆಂದು ಬಗೆಯುವ ಆಡಳಿತ ಗೀಗೀ ಪದವನ್ನು ಎಷ್ಟು ಬಾರಿ ಹಾಡಿಸಿದರೂ ಅದರ ಅರ್ಧವನ್ನು ಮಾತ್ರ ಕೇಳಿಸಿಕೊಂಡಿರುತ್ತದೆ. ಉಳಿದರ್ಧ ಹಳ್ಳಿಯಲ್ಲಿ ಇನ್ನೂ ಇದೆ. ಅದನ್ನು ಗುರುತಿಸಿ ದಾಖಲಿಸುವುದು ಜಾನಪದ ಅಧ್ಯಯನದ ಹೊಣೆ. ಅದಕ್ಕೆ ಅಂಗಳವನ್ನು ತೆರೆದಿಡುವುದು ಪ್ರಭುತ್ವದ ಹೊಣೆ.